ಡಾಡ್ಸನ್ ಮೇಷ್ಟ್ರ ನಾಟಕದ ಕ್ಲಾಸು

ನಮಗೆಲ್ಲ ನಾಟಕ ಅಂದ್ರೆ ಫೆಸ್ಟ್‌ಗೆ ಮುಂಚೆ ನಡೆಯೋ ರಿಹರ್ಸಲ್ಲು, ಅಷ್ಟೇ. ಅದನ್ನೇ ಸಿಲಬಸ್ಸಿನ ಪಾಠವಾಗಿ 23 ವರ್ಷ ಕಲಿಸಿದ ಓವನ್ ಡಾಡ್ಸನ್ ಅವರ ಬಗ್ಗೆ ಈ ಸಲ ಹೇಳ್ತೀವಿ.

ಹುಟ್ಟಿದ್ದು 1914ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡರು. ಯೇಲ್‌ನಲ್ಲಿ ನಾಟಕ ಓದಿ, 1947ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಮೇಷ್ಟ್ರಾಗಿ ಬಂದರು. ಕಪ್ಪು ವಿದ್ಯಾರ್ಥಿಗಳ ಓದಿಗೆ ಹೆಸರಾದ ಜಾಗ ಅದು. ಆದರೆ ಅದೇ ಊರಿನ ನ್ಯಾಷನಲ್ ಥಿಯೇಟರಿನಲ್ಲಿ ಕಪ್ಪು ಪ್ರೇಕ್ಷಕರಿಗೆ ಪ್ರವೇಶ ಇರಲಿಲ್ಲ. ನಟರ ಸಂಘ ಪ್ರತಿಭಟಿಸಿದಾಗ ಮಾಲೀಕರು ಬಾಗಿಲು ತೆರೆಯುವ ಬದಲು 1948ರಲ್ಲಿ ನಾಟಕವನ್ನೇ ನಿಲ್ಲಿಸಿ ಸಿನಿಮಾ ಹಾಕಿದರು! ಅಂದ್ರೆ ನಟನೆ ಕಲಿಯೋ ಹುಡುಗರಿಗೆ ಅಲ್ಲಿ ಕೂತು ನೋಡೋ ಭಾಗ್ಯವೂ ಇಲ್ಲ. ಸ್ಟೇಜಿನ ಮೇಲಾದರೂ ಸಿಗುತ್ತಿದ್ದದ್ದು ಹೆಚ್ಚಾಗಿ ಆಳಿನ ಪಾತ್ರ, ನಗಿಸೋ ಪಾತ್ರ.

ಡಾಡ್ಸನ್ ತಮ್ಮ ವಿದ್ಯಾರ್ಥಿಗಳ ಕೈಗೆ ಕೊಟ್ಟದ್ದು ಶೇಕ್ಸ್‌ಪಿಯರ್, ಇಬ್ಸೆನ್. 1949ರಲ್ಲಿ, ವಿಭಾಗದ ಮುಖ್ಯಸ್ಥೆ ಆ್ಯನ್ ಕುಕ್ ಅವರ ಜೊತೆ ಸೇರಿ, ಹೋವರ್ಡ್ ತಂಡವನ್ನು ಯೂರೋಪಿಗೆ ಕರೆದುಕೊಂಡು ಹೋದರು. ಇಬ್ಸೆನ್ನನ ‘ದಿ ವೈಲ್ಡ್ ಡಕ್’ ನಾಟಕವನ್ನು ಇಬ್ಸೆನ್ನನ ನಾರ್ವೆಯಲ್ಲೇ ಆಡೋದು ಅಂದ್ರೆ ಧೈರ್ಯ ಬೇಕು ಬಿಡಿ. ನಾರ್ವೆ, ಡೆನ್ಮಾರ್ಕ್, ಸ್ವೀಡನ್, ಜರ್ಮನಿ ಸುತ್ತಿಬಂದರು. ತಮ್ಮೂರಿನ ದೊಡ್ಡ ರಂಗಮಂದಿರದ ಬಾಗಿಲು ಮಾತ್ರ ಆಗಲೂ ಮುಚ್ಚಿತ್ತು. ಅದು ಎಲ್ಲರಿಗೂ ತೆರೆದದ್ದು 1952ರಲ್ಲಿ.

ನಮಗೆ ಇದಕ್ಕಿಂತ ದೊಡ್ಡದು ಅನ್ನಿಸೋದು 1955ರ ಕೆಲಸ. ಜೇಮ್ಸ್ ಬಾಲ್ಡ್ವಿನ್ ಆಗಿನ್ನೂ ಎಳೆಯ ಲೇಖಕ. ಹಾರ್ಲೆಮ್ಮಿನ ಒಂದು ಪುಟ್ಟ ಚರ್ಚು, ಅದನ್ನು ನಡೆಸೋ ಹೆಂಗಸು, ಅವಳ ಮಗ, ಇವರ ಕತೆ ‘ದಿ ಆಮೆನ್ ಕಾರ್ನರ್’. ಕಪ್ಪು ಜನ ಮನೆಯಲ್ಲಿ, ಚರ್ಚಿನಲ್ಲಿ ಆಡೋ ಮಾತಿನಲ್ಲೇ ಬರೆದದ್ದು. ಕ್ಯಾಂಪಸ್ಸಿನಲ್ಲೇ ವಿರೋಧ ಎದ್ದಿತು. ಶುದ್ಧ ಇಂಗ್ಲಿಷ್ ಕಲಿಸೋಕೆ ಇಷ್ಟು ವರ್ಷ ಪಟ್ಟ ಪಾಡೆಲ್ಲ ನೀರುಪಾಲು ಅನ್ನೋದು ಅವರ ತಕರಾರು. ಆ ಭಯವನ್ನು ಸುಮ್ಮನೆ ತಳ್ಳಿಹಾಕೋಕೂ ಆಗಲ್ಲ. ಮಾತಿನ ಧಾಟಿ ನೋಡಿಯೇ ಕೆಲಸ ಕೊಡದ ಕಾಲ ಅದು. ಆದರೂ ಡಾಡ್ಸನ್ ನಾಟಕ ಆಡಿಸಿದರು. ಹ್ಯಾಮ್ಲೆಟ್ಟಿಗೆ ಪಟ್ಟಷ್ಟೇ ಶ್ರಮಕ್ಕೆ ಆ ಬೀದಿ ಮಾತೂ ಅರ್ಹ ಅಂತ ವಿದ್ಯಾರ್ಥಿಗಳು ಕಲಿತದ್ದು ಅಲ್ಲೇ ಇರಬೇಕು. ಬ್ರಾಡ್‌ವೇ ಈ ನಾಟಕ ಕಂಡದ್ದು ಹತ್ತು ವರ್ಷ ಕಳೆದು, 1965ರಲ್ಲಿ.

ಮುಂದೆ ನೊಬೆಲ್ ಪಡೆದ ಟೋನಿ ಮಾರಿಸನ್ ಕೂಡ ಹೋವರ್ಡಿನಲ್ಲಿ ಓದುವಾಗ ಈ ತಂಡದಲ್ಲಿದ್ದವರು.

ಡಾಡ್ಸನ್ ಕವಿತೆ, ಕಾದಂಬರಿಗಳನ್ನೂ ಬರೆದರು. ಕೀಲುನೋವು, ಕುಡಿತ ಎರಡೂ ಅವರನ್ನು ಹಣ್ಣು ಮಾಡಿದ್ದವು. 1970ರಲ್ಲಿ ಕೆಲಸ ಬಿಟ್ಟು ನ್ಯೂಯಾರ್ಕಿಗೆ ಹೋದ ಮೇಷ್ಟ್ರು 1983ರಲ್ಲಿ ಅಲ್ಲೇ ತೀರಿಕೊಂಡರು.