ಪುಟ್ಟಣ್ಣ ತೋರಿಸಿದ ‘ಶರಪಂಜರ’

ಸಿನಿಮಾದ ಹುಚ್ಚು ಹತ್ತಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಹೆಸರು: ‘ಶರಪಂಜರ’. ಊರಿನ ಟೂರಿಂಗ್ ಟಾಕೀಸಿನಲ್ಲಿ, ಹೆಂಗಸರ ನಡುವೆ ಅಮ್ಮನ ಪಕ್ಕ ಕುಳಿತು ಅದನ್ನು ನೋಡಿದಾಗ ನನಗೆ ಹತ್ತು ವರ್ಷವಿರಬೇಕು. ಅದುವರೆಗೆ ಸಿನಿಮಾ ಎಂದರೆ ಕತ್ತಿವರಸೆ, ಹಾಡು, ಕೊನೆಗೊಂದು ಮದುವೆ ಎಂದೇ ತಿಳಿದಿದ್ದೆ. ಅಂದು ಆಟ ಮುಗಿದು ದೀಪ ಹೊತ್ತಿಕೊಂಡರೂ ಹೆಂಗಸರು ಕೂಡಲೇ ಮೇಲೇಳಲಿಲ್ಲ. ಅವರನ್ನು ಹಾಗೆ ಕೂರಿಸಿದ ಮನುಷ್ಯ ಯಾರು ಎಂಬ ಕುತೂಹಲ ಅಂದು ಹುಟ್ಟಿದ್ದು ಇಂದಿಗೂ ತಣಿದಿಲ್ಲ.

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ 1933ರ ಡಿಸೆಂಬರ್ 1ರಂದು ಹುಟ್ಟಿದ ಸೀತಾರಾಮ ಶರ್ಮರೇ ನಾಡಿಗೆ ಪುಟ್ಟಣ್ಣ ಕಣಗಾಲ್ ಆದವರು. ಹೊಟ್ಟೆಪಾಡಿಗಾಗಿ ಹಲವು ಕೆಲಸಗಳನ್ನು ಮಾಡಿ, ಕೊನೆಗೆ ಬಿ.ಆರ್. ಪಂತುಲು ಅವರ ಬಳಿ ಸೇರಿ ಸಿನಿಮಾದ ಕಸುಬು ಕಲಿತರು. ಅಣ್ಣ ಪ್ರಭಾಕರ ಶಾಸ್ತ್ರಿ ಚಿತ್ರಗೀತೆಗಳಿಂದ ಹೆಸರಾದರು. ನಿರ್ದೇಶಕನಾಗಿ ಪುಟ್ಟಣ್ಣನವರಿಗೆ ಮೊದಲು ಬಾಗಿಲು ತೆರೆದದ್ದು ಮಲಯಾಳಂ ಚಿತ್ರರಂಗ. ಆದರೆ ಅಲ್ಲಿಗೂ ಅವರು ಕನ್ನಡದ ಕಾದಂಬರಿಯನ್ನು ಕೊಂಡೊಯ್ದರು. ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ 1966ರಲ್ಲಿ ‘ಪೂಚಕ್ಕಣ್ಣಿ’ಯಾಗಿ ತೆರೆಗೆ ಬಂದಿತು. ಮರುವರ್ಷ ಅದೇ ಲೇಖಕಿಯ ‘ಬೆಳ್ಳಿಮೋಡ’ ಅವರನ್ನು ಕನ್ನಡಿಗರ ಮನೆಮಾತಾಗಿಸಿತು. 1969ರಲ್ಲಿ ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ‘ಗೆಜ್ಜೆಪೂಜೆ’ ಬಂದಿತು.

ಎಪ್ಪತ್ತರ ದಶಕದ ಆರಂಭದಲ್ಲಿ ಅವರು ಮತ್ತೆ ತ್ರಿವೇಣಿಯವರ ಕಡೆಗೆ ತಿರುಗಿದರು. ಮನಃಶಾಸ್ತ್ರ ಓದಿದ್ದ ಆ ಲೇಖಕಿ 1963ರಲ್ಲೇ ತೀರಿಕೊಂಡಿದ್ದರು. ‘ಶರಪಂಜರ’ದ ಕಾವೇರಿ ಪ್ರೀತಿಸಿ ಮದುವೆಯಾದವಳು, ನಗುನಗುತ್ತ ಸಂಸಾರ ಮಾಡುತ್ತಿದ್ದವಳು. ಹೆರಿಗೆಯ ನಂತರ ಅವಳ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ನಿಜವಾದ ಕಥೆ ಶುರುವಾಗುವುದೇ ಅಲ್ಲಿಂದ. ಅವಳು ಗುಣವಾಗಿದ್ದಾಳೆ ಎಂಬುದನ್ನು ಗಂಡನಾಗಲಿ ನೆರೆಹೊರೆಯಾಗಲಿ ನಂಬುವುದಿಲ್ಲ. ನಕ್ಕರೂ ಸಂಶಯ, ಅತ್ತರೂ ಸಂಶಯ. ಗಂಡನ ಮನಸ್ಸು ಬೇರೊಬ್ಬಳ ಕಡೆಗೆ ಹೊರಳಿರುತ್ತದೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಯ ಹಾದಿ ಹಿಡಿಯುತ್ತಾಳೆ. ವೈದ್ಯರು ವಾಸಿಮಾಡಿದ್ದನ್ನು ಮನೆ ಕೆಡಿಸುತ್ತದೆ. ಇದನ್ನು ಕಲ್ಪನಾ ಅಭಿನಯಿಸಿದ ಬಗೆ ಕನ್ನಡ ಚಿತ್ರರಂಗದ ದೊಡ್ಡ ಆಸ್ತಿ. ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಸಂದಿತು.

ನಮ್ಮ ಬೀದಿಯಲ್ಲೂ ಹೀಗೆ ಆಸ್ಪತ್ರೆಯಿಂದ ಮರಳಿದ ಒಬ್ಬ ಹೆಣ್ಣುಮಗಳಿದ್ದರು. ಅವರ ಮನೆಯ ಕಡೆ ಹೋಗಬೇಡಿ ಎಂದು ಮಕ್ಕಳಿಗೆ ಹೇಳಿಟ್ಟಿದ್ದರು. ಹೇಳಿದವರಲ್ಲಿ ನನ್ನ ಅಮ್ಮನೂ ಒಬ್ಬಳು. ಸಿನಿಮಾ ನೋಡಿದ ಕೆಲವು ದಿನಗಳ ನಂತರ ಅಮ್ಮ ಅರಿಶಿನ ಕುಂಕುಮಕ್ಕೆ ಅವರನ್ನು ಕರೆದಳು. ಆಕೆ ಬಂದು ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತು ಹೋದರು, ಅಷ್ಟೇ. ಸಿನಿಮಾ ಬದುಕಿನೊಳಕ್ಕೆ ಬರಬಲ್ಲದು ಎಂದು ನಾನು ಮೊದಲ ಬಾರಿಗೆ ಕಂಡದ್ದು ಆ ಜಗಲಿಯಲ್ಲಿ. ಅದಾದ ಮೇಲೆ ಸಿನಿಮಾವನ್ನು ಬರೀ ಮನರಂಜನೆ ಎಂದುಕೊಳ್ಳಲು ನನ್ನಿಂದ ಆಗಲಿಲ್ಲ.

ಪುಟ್ಟಣ್ಣನವರ ಚಿತ್ರಗಳಲ್ಲಿ ದೋಷಗಳಿಲ್ಲವೆಂದಲ್ಲ. ಭಾವಾವೇಶ ಕೆಲವೊಮ್ಮೆ ಅಳತೆ ಮೀರುತ್ತದೆ. ಕಟ್ಟುಪಾಡು ದಾಟಿದ ಹೆಣ್ಣಿಗೆ ಅವರ ಕಥೆಗಳಲ್ಲಿ ಸುಖಾಂತ್ಯ ಅಪರೂಪ. 1970ರ ‘ಸಂಸ್ಕಾರ’ದಿಂದ ಶುರುವಾದ ಹೊಸ ಅಲೆಯ ಪಕ್ಕದಲ್ಲಿಟ್ಟರೆ ಅವರು ಹಳೆಯ ದಾರಿಯವರಂತೆ ಕಾಣಬಹುದು. ಆದರೆ ಹೊಸ ಅಲೆಯ ಚಿತ್ರಗಳು ತಲುಪದ ಟೂರಿಂಗ್ ಟಾಕೀಸಿಗೆ, ಮಧ್ಯಾಹ್ನದ ಆಟಕ್ಕೆ ಬರುವ ಗೃಹಿಣಿಗೆ, ಅವಳದೇ ಮನೆಯ ಪ್ರಶ್ನೆಯನ್ನು ಹಾಡಿನ ಜೊತೆಗಿಟ್ಟು ಕೊಟ್ಟವರು ಅವರು. ಕಾದಂಬರಿ ಓದುವವರನ್ನು ಚಿತ್ರಮಂದಿರಕ್ಕೆ ಕರೆತಂದರು, ಚಿತ್ರ ನೋಡಿದವರನ್ನು ಗ್ರಂಥಾಲಯಕ್ಕೆ ಕಳಿಸಿದರು. ನಾನು ತ್ರಿವೇಣಿಯವರನ್ನು ಓದಿದ್ದು ಹಾಗೆಯೇ.

1972ರ ‘ನಾಗರಹಾವು’ ಚಿತ್ರದಿಂದ ವಿಷ್ಣುವರ್ಧನ್ ನಾಯಕರಾದರು. 1981ರ ‘ರಂಗನಾಯಕಿ’ ಇಂದಿಗೂ ಚರ್ಚೆಯಲ್ಲಿದೆ. 1985ರ ಜೂನ್ 5ರಂದು, 51ನೆಯ ವಯಸ್ಸಿನಲ್ಲಿ, ‘ಮಸಣದ ಹೂವು’ ಚಿತ್ರವನ್ನು ಅರ್ಧಕ್ಕೇ ಬಿಟ್ಟು ಅವರು ಹೊರಟುಹೋದರು. ಅದನ್ನು ಪೂರ್ಣಗೊಳಿಸಿದವರು ಕೆ.ಎಸ್.ಎಲ್. ಸ್ವಾಮಿ. ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿದೆ.

ಪ್ರಶಸ್ತಿಗಿಂತ ದೊಡ್ಡ ಗೌರವವೆಂದರೆ ಅವರ ಚಿತ್ರಗಳನ್ನು ಮತ್ತೆ ನೋಡುವುದು. ಇಂದು ಖಿನ್ನತೆಯ ಬಗ್ಗೆ ಮೊದಲಿಗಿಂತ ಬಿಚ್ಚುಮನಸ್ಸಿನಿಂದ ಮಾತನಾಡುತ್ತೇವೆ, ನಿಜ. ಆದರೆ ಚಿಕಿತ್ಸೆ ಪಡೆದು ಬಂದವರಿಗೆ ಮನೆ ಬಾಡಿಗೆಗೆ ಕೊಡುವಾಗ, ಹೆಣ್ಣು ಕೇಳುವಾಗ, ಕೆಲಸಕ್ಕೆ ತೆಗೆದುಕೊಳ್ಳುವಾಗ ನಮ್ಮ ದನಿ ಯಾಕೆ ಇಳಿಯುತ್ತದೆ? ಈ ಪ್ರಶ್ನೆ ಇರುವವರೆಗೂ ‘ಶರಪಂಜರ’ ಹಳೆಯದಾಗುವುದಿಲ್ಲ. ನೋಡದವರು ಒಮ್ಮೆ ನೋಡಿ. ನೋಡಿದವರು, ಸಾಧ್ಯವಾದರೆ, ಮನೆಯವರೆಲ್ಲರ ಜೊತೆ ಕುಳಿತು ಇನ್ನೊಮ್ಮೆ ನೋಡಿ.