ತೋಳವನ್ನು ಕೊಂದು, ತೋಳದ ಪರ ನಿಂತ ಆಲ್ಡೊ ಲಿಯೋಪೋಲ್ಡ್

ಕೊಪ್ಪಳ ಜಿಲ್ಲೆಯ ನಮ್ಮ ಊರಿನಲ್ಲಿ ನನ್ನ ನಾನಾ ಆಡು ಸಾಕುತ್ತಾರೆ. ಹೋದ ವರ್ಷ ಒಂದು ರಾತ್ರಿ ತೋಳ ದೊಡ್ಡಿಗೆ ನುಗ್ಗಿ ಮೂರು ಆಡುಗಳನ್ನು ಕೊಂದಿತು. ಬೆಳಿಗ್ಗೆ ನಾನಾ ಏನೂ ಮಾತಾಡದೆ ದೊಡ್ಡಿಯ ಮುಂದೆ ಕುಳಿತಿದ್ದರು. ಆ ತೋಳವನ್ನು ಕೊಲ್ಲಲೇಬೇಕೆಂದು ನಾನು ಸಿಟ್ಟಾದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ ಎಂದು ತಿಳಿದಾಗ ಸಿಟ್ಟು ಇನ್ನೂ ಹೆಚ್ಚಾಯಿತು. ಆಡು ಕಳೆದುಕೊಂಡವರನ್ನು ಬಿಟ್ಟು ಆಡು ತಿಂದ ತೋಳಕ್ಕೆ ಕಾನೂನಿನ ಕಾವಲು ಏಕೆ? ಈ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ ನನಗೆ ಸಿಕ್ಕವರು ಅಮೆರಿಕದ ಆಲ್ಡೊ ಲಿಯೋಪೋಲ್ಡ್.

ಲಿಯೋಪೋಲ್ಡ್ ಹುಟ್ಟಿದ್ದು 1887ರ ಜನವರಿ 11ರಂದು, ಅಯೋವಾ ರಾಜ್ಯದ ಬರ್ಲಿಂಗ್‌ಟನ್‌ನಲ್ಲಿ. ಚಿಕ್ಕಂದಿನಲ್ಲೇ ತಂದೆಯ ಜೊತೆ ಬೇಟೆಗೆ ಹೋಗುತ್ತಿದ್ದರು. ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯಶಾಸ್ತ್ರ ಓದಿ 1909ರಲ್ಲಿ ಅರಣ್ಯ ಇಲಾಖೆಯ ಕೆಲಸಕ್ಕೆ ಸೇರಿದರು. ಅರಿಜೋನಾದ ಅಪಾಚೆ ಅರಣ್ಯದಲ್ಲಿ ಅವರ ಮೊದಲ ನೇಮಕ. ಆಗ ಅವರಿಗೆ 22 ವರ್ಷ.

ಅಲ್ಲಿ ಒಂದು ದಿನ ಬೆಟ್ಟದ ಮೇಲೆ ಕುಳಿತಿದ್ದಾಗ, ಕೆಳಗೆ ಹೊಳೆ ದಾಟಿ ಬಂದ ತಾಯಿ ತೋಳ ಮತ್ತು ಮರಿಗಳ ಮೇಲೆ ಅವರೂ ಜೊತೆಗಾರರೂ ಗುಂಡು ಹಾರಿಸಿದರು. ಇಳಿದು ಹತ್ತಿರ ಹೋದಾಗ ತಾಯಿ ತೋಳದ ಕಣ್ಣಿನಲ್ಲಿದ್ದ ಹಸಿರು ಹೊಳಪು ಆರುತ್ತಿತ್ತು. ಆ ನೋಟ ಅವರನ್ನು ಜೀವನಪೂರ್ತಿ ಬಿಡಲಿಲ್ಲ. ಆದರೆ ಅಂದೇ ಅವರು ಬದಲಾದರು ಎಂದುಕೊಂಡರೆ ತಪ್ಪು. ಮುಂದೆ ಎಷ್ಟೋ ವರ್ಷ ಅವರು ತೋಳಗಳನ್ನು ಪೂರ್ತಿ ಇಲ್ಲವಾಗಿಸಬೇಕೆಂದೇ ವಾದಿಸಿದರು. ಲೆಕ್ಕ ಸರಳವಾಗಿತ್ತು: ತೋಳ ಕಡಿಮೆಯಾದರೆ ಜಿಂಕೆ ಹೆಚ್ಚು, ಜಿಂಕೆ ಹೆಚ್ಚಾದರೆ ಬೇಟೆಗಾರರಿಗೆ ಲಾಭ. ಸರ್ಕಾರವೂ ಸಂಬಳ ಕೊಟ್ಟು ಬೇಟೆಗಾರರನ್ನು ನೇಮಿಸಿತ್ತು.

ಈ ಲೆಕ್ಕ ತಪ್ಪೆಂದು ಕಲಿಸಿದ್ದು ಕಾಡು. ತೋಳ ಅಳಿದ ಬೆಟ್ಟಗಳಲ್ಲಿ ಜಿಂಕೆಗಳು ಎಟುಕಿದ ಪ್ರತಿಯೊಂದು ಗಿಡವನ್ನೂ ಮೇಯ್ದು, ಕೊನೆಗೆ ಹಸಿವಿನಿಂದ ಸತ್ತವು. 1933ರಲ್ಲಿ ಲಿಯೋಪೋಲ್ಡ್ 'ಗೇಮ್ ಮ್ಯಾನೇಜ್‌ಮೆಂಟ್' ಎಂಬ ಗ್ರಂಥ ಪ್ರಕಟಿಸಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ವನ್ಯಜೀವಿ ನಿರ್ವಹಣೆ ಒಂದು ಶಾಸ್ತ್ರವಾಗಿ ಬೆಳೆದದ್ದು ಹೀಗೆ. 1935ರಲ್ಲಿ ಜರ್ಮನಿಗೆ ಹೋದಾಗ ಜಿಂಕೆಗಳು ಮೇಯ್ದು ಬರಿದಾದ ಕಾಡುಗಳನ್ನು ಕಂಡರು. ಮರುವರ್ಷ ಮೆಕ್ಸಿಕೋದ ಬೆಟ್ಟಗಳಲ್ಲಿ ತೋಳವೂ ಇತ್ತು, ಜಿಂಕೆಯೂ ಇತ್ತು, ಕಾಡೂ ಆರೋಗ್ಯವಾಗಿತ್ತು.

1943ರಲ್ಲಿ ಅವರು ವಿಸ್ಕಾನ್ಸಿನ್ ರಾಜ್ಯದ ಸಂರಕ್ಷಣಾ ಆಯೋಗದ ಸದಸ್ಯರಾದರು. ಜಿಂಕೆ ಮಿತಿಮೀರಿದೆ, ಹೆಣ್ಣು ಜಿಂಕೆಗಳ ಬೇಟೆಗೂ ಅವಕಾಶ ಕೊಡಬೇಕು ಎಂದರು. ಆ ವರ್ಷ ಲಕ್ಷಕ್ಕೂ ಹೆಚ್ಚು ಜಿಂಕೆಗಳ ಬೇಟೆಯಾದಾಗ ಜನ ಅವರ ಮೇಲೆ ತಿರುಗಿಬಿದ್ದರು. ಮರುವರ್ಷ, ತೋಳದ ಬಗ್ಗೆ ತಾವು ಮಾಡಿದ ತಪ್ಪನ್ನು ಪ್ರಬಂಧವೊಂದರಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡರು. ಬೇಟೆಯನ್ನು ಮಾತ್ರ ಅವರು ಬಿಡಲಿಲ್ಲ. ಬೇಟೆಗೆ ಮಿತಿ ಇರಬೇಕು, ಆ ಮಿತಿಯನ್ನು ನೆಲದ ಸ್ಥಿತಿ ನೋಡಿ ಗೊತ್ತುಮಾಡಬೇಕು ಎಂಬುದು ಅವರ ನಿಲುವಾಗಿತ್ತು.

1948ರ ಏಪ್ರಿಲ್ 21ರಂದು ನೆರೆಯವರ ಜಮೀನಿಗೆ ಬಿದ್ದ ಬೆಂಕಿ ಆರಿಸಲು ಹೋದಾಗ ಹೃದಯಾಘಾತದಿಂದ ತೀರಿಕೊಂಡರು. ಆ ಪ್ರಬಂಧವಿರುವ 'ಎ ಸ್ಯಾಂಡ್ ಕೌಂಟಿ ಅಲ್ಮನ್ಯಾಕ್' ಪುಸ್ತಕ ಅಚ್ಚಾದದ್ದು 1949ರಲ್ಲಿ. ವಿಸ್ಕಾನ್ಸಿನ್‌ನಲ್ಲಿ ತೋಳ ಕೊಂದವರಿಗೆ ಹಣ ಕೊಡುವ ಪದ್ಧತಿ 1957ರವರೆಗೂ ನಡೆಯಿತು. ಅಷ್ಟರಲ್ಲಿ ಅಲ್ಲಿ ತೋಳಗಳೇ ಮುಗಿಯುತ್ತಾ ಬಂದಿದ್ದವು.

1973ರಲ್ಲಿ ಅಮೆರಿಕ ಅಳಿವಿನಂಚಿನ ಜೀವಿಗಳ ಕಾಯ್ದೆ ತಂದಿತು. ಪಕ್ಕದ ಮಿನ್ನೆಸೋಟಾದಿಂದ ತೋಳಗಳು ತಾವಾಗಿ ವಿಸ್ಕಾನ್ಸಿನ್‌ಗೆ ಮರಳಿದವು. 1998ರಲ್ಲಿ ಲಿಯೋಪೋಲ್ಡ್ ಗುಂಡು ಹಾರಿಸಿದ್ದ ಅಪಾಚೆ ಅರಣ್ಯಕ್ಕೇ ತೋಳಗಳನ್ನು ತಂದು ಬಿಡಲಾಯಿತು. ಆದರೂ ಜಗಳ ಮುಗಿದಿಲ್ಲ. 2021ರಲ್ಲಿ ರಕ್ಷಣೆ ತೆಗೆದ ಕೂಡಲೇ ವಿಸ್ಕಾನ್ಸಿನ್‌ನಲ್ಲಿ ಬೇಟೆ ನಡೆಯಿತು. ಪರವಾನಗಿ ಪಡೆದ ಬೇಟೆಗಾರರಿಗೆ ಗೊತ್ತುಮಾಡಿದ್ದು 119 ತೋಳ. ಮೂರೇ ದಿನದಲ್ಲಿ ಸತ್ತದ್ದು 218. 2022ರಲ್ಲಿ ನ್ಯಾಯಾಲಯ ಮತ್ತೆ ರಕ್ಷಣೆ ಕೊಟ್ಟಿತು. ಅಲ್ಲಿಯೂ ಕರು ಕಳೆದುಕೊಂಡ ರೈತರಿದ್ದಾರೆ. ಅವರಿಗೆ ರಾಜ್ಯ ಪರಿಹಾರ ಕೊಡುತ್ತದೆ. ತೋಳ ಕಾಯುವ ಕಾನೂನು ಆಡು ಕಾಯುವವನ ನಷ್ಟವನ್ನೂ ನೋಡಬೇಕು, ಇಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ ಎಂದು ನನಗೆ ಅನ್ನಿಸಿತು.

ಈಗ ನಮ್ಮ ಜಿಲ್ಲೆಯ ಬಂಕಾಪುರದಲ್ಲೇ ತೋಳಗಳಿಗಾಗಿ ವನ್ಯಜೀವಿಧಾಮವಿದೆ. ನಾನಾ ದೊಡ್ಡಿಯ ಮುಳ್ಳುಬೇಲಿ ಎತ್ತರಿಸಿ ಎರಡು ನಾಯಿ ಸಾಕಿದ್ದಾರೆ. ಆ ಮೂರು ಆಡುಗಳ ನೋವು ನನ್ನಲ್ಲಿ ಇನ್ನೂ ಇದೆ. ಆದರೆ ತೋಳವನ್ನು ಕೊಲ್ಲಬೇಕೆಂದು ಈಗ ಹೇಳುವುದಿಲ್ಲ. ಲಿಯೋಪೋಲ್ಡ್‌ರಂಥ ವಿದ್ವಾಂಸರಿಗೇ ತಮ್ಮ ತಪ್ಪು ಅರಿಯಲು ಮೂವತ್ತು ವರ್ಷ ಬೇಕಾಯಿತು. ಅರಿತ ಮೇಲೆ ಒಪ್ಪಿಕೊಳ್ಳಲು ಅವರು ನಾಚಲಿಲ್ಲ. ಗೆಳೆಯರೇ, ನನಗೆ ಅವರು ದೊಡ್ಡವರಾಗಿ ಕಂಡದ್ದು ಅದಕ್ಕಾಗಿಯೇ.