ಸರ್ ಎಂ. ವಿಶ್ವೇಶ್ವರಯ್ಯನವರು

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಜೀವಿಸುತ್ತ, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ. ಎ. ಪದವಿಯನ್ನು ಪಡೆದರು. ಈ ತಳಹದಿಯ ಮೇಲೆಯೇ ಅವರ ಇಂಜಿನಿಯರಿಂಗ್ ವಿದ್ಯೆಯು ನಿಂತಿತು. ಬಳಿಕ ಪುಣೆಯಲ್ಲಿ ವ್ಯಾಸಂಗಮಾಡಿ, 1883ರ ಪರೀಕ್ಷೆಯಲ್ಲಿ ಪ್ರಥಮಸ್ಥಾನವನ್ನು ಗಳಿಸಿದರು. 1903ರಲ್ಲಿ ಖಡಕವಾಸ್ಲಾ ಜಲಾಶಯಕ್ಕೆ ಅವರು ಅಳವಡಿಸಿದ ಬಾಗಿಲುಗಳು, ನೀರು ಮಿತಿಮೀರಿದೊಡನೆ ಮನುಷ್ಯನ ಕೈ ಸೋಂಕದೆ ತಾವಾಗಿಯೇ ತೆರೆದು, ಇಳಿದೊಡನೆ ತಾವಾಗಿಯೇ ಮುಚ್ಚುತ್ತಿದ್ದವು. 1962ರಲ್ಲಿ ಅವರು ದೈವಾಧೀನರಾದರು.

ಅವರ ಹೆಸರನ್ನು ಹೊತ್ತ ತಾಂತ್ರಿಕ ವಿಶ್ವವಿದ್ಯಾಲಯವು 1998ರಿಂದ ನಮ್ಮ ಬೆಳಗಾವಿಯಲ್ಲಿಯೇ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಮಾತಾಪಿತೃಗಳೇ, ನಿಮ್ಮ ಕುಮಾರಿಯರು ಗಣಕವಿದ್ಯೆಯನ್ನೂ ಯಂತ್ರಮಾನವರ ನಿರ್ಮಾಣವನ್ನೂ ಕಲಿಯಬಯಸಿದರೆ ತಡೆಯಬೇಡಿರಿ. ತಳಹದಿಗಾಗಿ ವರ್ಷವೊಂದು ಹೆಚ್ಚಾಗಿ ಸಂದರೂ ಅದು ನಷ್ಟವಲ್ಲ.